ಬಂಡೆಯಿಂದ ಎದ್ದ ಹಸು, ಕರು

ಬೆಂಗಳೂರಿನಿಂದ ಹೊರಟ ಇದ್ದಿಲ ಗ್ಯಾಸಿನ ಬಸ್ಸು ಹೊಸೂರು ಮುಟ್ಟುವುದರೊಳಗೆ ಎರಡು ಸಲ ನಿಂತಿತು. ಯುದ್ಧಕಾಲ, ಪೆಟ್ರೋಲು ಕಂಡವರಿಲ್ಲ. ಎಲ್ಲರೂ ಇಳಿದು ತಳ್ಳಿದರು. ನನ್ನ ಹೆಂಡತಿ ಕಮಲಳೂ ಸೆರಗು ಬಿಗಿದು ತಳ್ಳಿದಳು. ನಾನು ಕೊಡೆ ಹಿಡಿದು ಮೋಡ ನೋಡುತ್ತಿದ್ದೆ. ಯಾರಾದರೂ ಆ ಕೆಲಸ ಮಾಡಬೇಕಲ್ಲ.

ಕಮಲ ಚಿತ್ರ ಬರೆಯುವವಳು. ಈಚೆಗೆ ಕಾಗದ ಬಿಟ್ಟು ಕಲ್ಲು, ಮಣ್ಣು, ಬೆಂಕಿ ಹಿಡಿದಿದ್ದಾಳೆ. ಸೂಳಗಿರಿಯ ಹತ್ತಿರದ ಬಂಡೆಯೊಂದರ ಕಪ್ಪು ಪಟ್ಟೆ ಅವಳಿಗೆ ಹಸುವಿನ ಬೆನ್ನಾಗಿ ಕಂಡಿತ್ತು. ಹಿಂದಿನ ಸಲ ಬಂದಾಗ ಅದಕ್ಕೆ ಕಾಲು, ಕೊಂಬು ಕೆತ್ತಿ, ಪಕ್ಕದಲ್ಲೊಂದು ಕರು ಕೊರೆದು, ಕರುವಿನ ಗೀರುಗಳಿಗೆ ಹಳದಿ ಜೇಡಿಮಣ್ಣು ಮೆತ್ತಿದ್ದಳು. ಇನ್ನು ಅದರ ಮೇಲೆ ಬೆಂಕಿ ಹಾಕಬೇಕು. ಕಾವಿಗೆ ಬಂಡೆಯ ಮೇಲ್ಪದರ ಚಪ್ಪಡಿಯಾಗಿ ಎದ್ದು ಬರಬೇಕು. ಮುಂಚೆ ಹೀಗೆ ಎಬ್ಬಿಸಿದ ಎರಡೂ ಚಪ್ಪಡಿ ಒಡೆದಿದ್ದವು. “ಇದೂ ಒಡೆದರೆ ಮುಗೀತು. ಕಾಗದದ ಮೇಲೆ ಗುಲಾಬಿ ಬರ್ಕೊಂಡಿರ್ತೀನಿ” ಎಂದಿದ್ದಳು. ಅವಳು ಗುಲಾಬಿ ಬರೆಯುವುದನ್ನು ನೆನೆದೇ ನನಗೆ ನಿದ್ದೆ ಕೆಟ್ಟಿತ್ತು.

ಸೂಳಗಿರಿಯಲ್ಲಿ ಮುದ್ದೆ, ಹುರುಳಿ ಸಾರು ಉಂಡು ಬಂಡೆ ಹತ್ತಿದೆವು. ಮೇಸ್ತ್ರಿ ಮುನಿಯಪ್ಪ ಸೌದೆ ಹೊತ್ತಿಸಿದ. ಉರಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತ, ಹಿಂದೆ ಸುತ್ತಿಗೆಯಿಂದ ತಟ್ಟಿ ಆಲಿಸುವುದು ಕಲ್ಲುಕೆಲಸದವರ ಕ್ರಮ. ಪದರ ಬಿಟ್ಟ ಕಡೆ ಸದ್ದು ಟೊಳ್ಳು. ಆಗ ಯಾರೂ ಉಸಿರೆತ್ತಕೂಡದು. ನನಗದು ತಿಳಿದಿರಲಿಲ್ಲ.

“ಮೇಸ್ತ್ರಿ, ಮೋಡ ಬರ್ತಿದೆ. ಕಾದ ಕಲ್ಲಿನ ಮೇಲೆ ಮಳೆ ಬಿದ್ದರೆ...”

“ಒಸಿ ಸುಮ್ಕಿರಿ ಸ್ವಾಮಿ! ಬಂಡೆ ಮಾತಾಡೋ ಹೊತ್ನಾಗೆ ನೀವ್ಯಾಕ್ ಮಾತಾಡೀರಿ?”

ಅವನ ತಮ್ಮ ನಂಜ ಕಿಸಕ್ಕೆಂದ. “ನೀನೂ ಮುಚ್ಲಾ ಬಾಯಿ” ಎಂದು ಅವನಿಗೂ ಬಿತ್ತು.

ಹಸುವಿನ ಭಾಗ ಬಿಟ್ಟಿತು. ಕರುವಿನ ಹತ್ತಿರ ಸದ್ದು ಗಟ್ಟಿಯಾಗಿಯೇ ಉಳಿಯಿತು.

“ಅಮ್ಮಾವ್ರೆ, ಹಸ ಬಂದೈತೆ. ಇಲ್ಲಿಗೇ ತುಂಡ್ ಮಾಡ್ಬುಡಾನಾ? ಕರೂನ ಆಸೆಗೆ ಎಲ್ಡೂ ಹೋದಾವು.”

“ಕರು ಬಿಟ್ಟು ಹಸು ಬರುತ್ತೇನಪ್ಪಾ? ಹಾಕು ಸೌದೆ” ಎಂದಳು ಕಮಲ.

ಉರಿ ಕರುವನ್ನು ದಾಟಿತು. ಅಷ್ಟರಲ್ಲಿ ನನ್ನ ಬೋಳುತಲೆಗೆ ಒಂದು ಹನಿ ಬಿತ್ತು. ಜನ್ಮದಲ್ಲಿ ಮೊದಲ ಸಲ ನಾನು ಏನೂ ಹೇಳದೆ, ಕೊಡೆ ಬಿಚ್ಚಿ ಕರುವಿಗೆ ಹಿಡಿದೆ. ಕಾದ ಬಂಡೆಗೆ ಬರಿಯ ಅಂಗಾಲು ಸುಟ್ಟಿತು. ನಂಜ ತನ್ನ ಕಂಬಳಿ ಹರವಿ ಹಸುವಿಗೆ ಹಿಡಿದ. ನಾಲ್ಕು ಹನಿ ಉದುರಿಸಿ ಮೋಡ ಸರಿಯಿತು. ಮುನಿಯಪ್ಪ ಕರುವಿನ ಮೇಲೆ ತಟ್ಟಿದ. ಮಡಕೆಯಂಥ ಸದ್ದು!

ಹಾರೆ ಹಾಕಿ ಮೀಟಿದರು. ಚಪ್ಪಡಿ ಒಂದು ಬಿರುಕೂ ಇಲ್ಲದೆ ಎದ್ದಿತು. ಆರಿದ ಮೇಲೆ ಕಮಲ ಮಸಿ ಒರೆಸಿದಳು. ಹಳದಿ ಮಣ್ಣು ಬೆಂದು ಕೆಂಪಾಗಿತ್ತು.

“ಕರೀ ಹಸ ಕೆಂಪ್ ಕರ ಹಾಕೈತೆ ಕಣಣ್ಣೋ!” ಎಂದು ನಂಜ ಕುಣಿದ. ಕಮಲ ಅಳುತ್ತ ನಗುತ್ತಿದ್ದಳು.

ಎತ್ತಿನ ಗಾಡಿಗೆ ಹುಲ್ಲು ಹಾಸಿ ಚಪ್ಪಡಿ ಮಲಗಿಸಿ, ಗೋಣಿ ಹೊದಿಸಿದೆವು. ಭಾರ ಹೆಚ್ಚಾದೀತೆಂದು ನಾನು ಹೊಸೂರಿನವರೆಗೂ ಹಿಂದೆ ನಡೆದೆ. ಕಾಲು ನೋಯಲಿಲ್ಲವೆಂದರೆ ಸುಳ್ಳು. ಆದರೂ ದಾರಿಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ, ಅವರು ಕೇಳದಿದ್ದರೂ, ಗೋಣಿ ಎತ್ತಿ ಎತ್ತಿ ತೋರಿಸಿದೆ.