ಲಾಂಡ್ರಿ ಅಕ್ಕನ ಬುಗುರಿ

ಪರದೆಗಳ ಜೊತೆ ನಾಯಿಯನ್ನೂ ಬಿಟ್ಟುಹೋದವರನ್ನು ನಾನು ಬಲ್ಲೆ. ಯಾರೆಂದು ಹೇಳುವುದಿಲ್ಲ, ಹೇಳಿದರೂ ನಾಚುವ ಪೈಕಿಯವರಲ್ಲ ಅವರು. ಮನೆ ಬದಲಿಸುವಾಗ ನಮ್ಮ ಬೀದಿಯ ಲಾಂಡ್ರಿಗೆ ಎಂಟು ಪರದೆ ಒಗೆಯಲು ಕೊಟ್ಟರು. "ಇದನ್ನೂ ಎರಡು ದಿನ ನೋಡ್ಕೊಳ್ಳಿ" ಎಂದು ಒಂದು ಸ್ಪ್ಯಾನಿಯಲ್ ನಾಯಿಯನ್ನು ಕೌಂಟರಿನ ಕಾಲಿಗೆ ಕಟ್ಟಿದರು. ಮೂರನೇ ದಿನ ಪರದೆ ಒಯ್ಯಲು ಆಳು ಬಂದ. ನಾಯಿಯ ಬಗ್ಗೆ ಕೇಳಿದರೆ "ಅದರ ವಿಷಯ ನನಗೆ ಹೇಳಿಲ್ಲ" ಅಂದ. ಫೋಟೋದಲ್ಲಿ ಚೆಂದ ಕಾಣುತ್ತದೆಂದು ತಂದ ಜೀವ, ಸೋಫಾ ಹರಿದ ದಿನ ಹಳೇ ಸಾಮಾನಾಗಿತ್ತು.

ಲಾಂಡ್ರಿ ಅಕ್ಕ ಮೂವತ್ತು ವರ್ಷದಿಂದ ಊರಿನ ಕೊಳೆ ತೆಗೆದವರು. ಅಂಗಿಯನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಅದು ಆಸ್ಪತ್ರೆಗೆ ಹೋಗಿತ್ತೋ ಮದುವೆಗೋ ಹೇಳಿಬಿಡುತ್ತಾರೆ. ಒಗೆದರೆ ಸರಿಹೋಗದ್ದು ಲೋಕದಲ್ಲಿ ಯಾವುದೂ ಇಲ್ಲವೆಂಬುದು ಅವರ ನಂಬಿಕೆ. ಅವರ ಗಂಡ ಇಸ್ತ್ರಿ ಮಾಡುತ್ತಾರೆ, ಅತ್ತೆ ಬಟ್ಟೆ ಮಡಚುತ್ತಾರೆ. ಜೇನುಬಣ್ಣದ, ಗಲ್ಲದವರೆಗೆ ಜೋತ ಕಿವಿಯ ಆ ನಾಯಿ ಮೂವರ ನಡುವೆ ಗಿರಗಿರ ತಿರುಗಿತು. ಅತ್ತೆಯೇ ಹೆಸರಿಟ್ಟರು: ಬುಗುರಿ. "ಇದಕ್ಕಿರೋದು ಕಾಲಲ್ಲ ಕಣೇ, ಮೋಟಾರು!"

ಮೋಟಾರಿಗೆ ಕೆಲಸ ಕೊಟ್ಟವರು ಅಕ್ಕ. ಬೆಳಿಗ್ಗೆ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಹೊರಟರೆ ಬುಗುರಿಯ ಬಾಯಲ್ಲೂ ಒಂದು ಕಾಲುಚೀಲ. ನಾಲ್ಕು ಬೀದಿ, ಹನ್ನೊಂದು ಮಹಡಿ. ಬರುವ ದಾರಿಯಲ್ಲಿ ಕೆಸರು ಕಂಡರೆ ಮಾತ್ರ ಮಾನ ಮರ್ಯಾದೆ ಇಲ್ಲದೆ ಹೊರಳುತ್ತಿತ್ತು. ಅಕ್ಕ ದಿನಾ ಹಿತ್ತಲ ತೊಟ್ಟಿಯಲ್ಲಿ ಕೂರಿಸಿ, ತಲೆಯಿಂದ ಬಾಲದವರೆಗೆ ತಿಕ್ಕಿ ತೊಳೆದು, ಮೈ ಒರೆಸಿ ಬಿಡುತ್ತಿದ್ದರು. ಅಂಥ ಘಮಘಮ ನಾಯಿ ನಮ್ಮ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಬುಗುರಿಯ ಬುದ್ಧಿ ಕೆಟ್ಟಿತು. ತಲೆ ಕೊಡವುವುದು, ಗೋಡೆಗೆ ಕೆನ್ನೆ ಉಜ್ಜುವುದು, ಹತ್ತಿರ ಹೋದರೆ ಗುರ್ ಎನ್ನುವುದು. "ಮುದ್ದು ಜಾಸ್ತಿ ಆಗಿದೆ, ಎರಡೇಟು ಬಿಟ್ಟರೆ ಸರಿಹೋಗುತ್ತೆ" ಎಂದು ನಾನೂ ಹೇಳಿಬಂದೆ. ಪತ್ರಿಕೆಯಲ್ಲಿ ಊರಿಗೆಲ್ಲ ಬುದ್ಧಿಮಾತು ಬರೆಯುವವನ ಬಾಯಿಂದ ಬಂದ ಮಾತು ಅದು. ಒಂದು ಸಂಜೆ ಅತ್ತೆ ತಲೆ ಸವರಲು ಹೋದಾಗ ಬುಗುರಿ ಅವರ ಕೈಗೆ ಹಲ್ಲು ಊರಿತು.

ಅತ್ತೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದ ಮೇಲೆ ಅಕ್ಕನ ಗಂಡ ತೀರ್ಮಾನ ಹೇಳಿದರು. "ಭಾನುವಾರ ಗೋದಾಮಿನ ಕಾವಲುಗಾರ ಬರ್ತಾನೆ. ಕೊಟ್ಬಿಡೋಣ."

ಆ ಗೋದಾಮಿನ ನಾಯಿಗಳನ್ನು ನೋಡಿದ್ದೇನೆ. ಒಂದು ಮೊಳದ ಸರಪಳಿ, ಹಗಲೂ ರಾತ್ರಿ ಅಷ್ಟೇ ಲೋಕ. ಅಕ್ಕ ಅವತ್ತು ಒಂದೇ ಅಂಗಿಯನ್ನು ಮೂರು ಸಲ ಒಗೆದರು.

ಭಾನುವಾರ ಕಾವಲುಗಾರ ಸರಪಳಿ ಹಿಡಿದೇ ಬಂದ. "ಕಚ್ಚೋ ನಾಯಿನೇ ನನಗೆ ಬೇಕಾಗಿರೋದು ಅಕ್ಕ."

"ಕೂತ್ಕೊಳ್ಳಪ್ಪ, ಕೊನೇ ಸಲ ಒಂದು ಸ್ನಾನ ಮಾಡಿಸ್ತೀನಿ. ಕೊಳಕಾಗಿ ಕಳಿಸಿದರು ಅನ್ನಿಸ್ಕೋಬಾರ್ದು" ಎಂದು ಅಕ್ಕ ಅದನ್ನು ಎತ್ತಿಕೊಂಡರು. ಕಚ್ಚಿದ ದಿನದಿಂದ ಸೋಪು ಕಾಣದ ಜೋತ ಕಿವಿ ಅವರ ಮೂಗಿಗೆ ತಾಗಿತು. ಅಕ್ಕ ಅಲ್ಲೇ ನಿಂತರು.

"ರೀ, ಬನ್ನಿ ಇಲ್ಲಿ. ಮೂಸಿ ನೋಡಿ."

"ನಾಯಿ ಕಿವಿ ಮೂಸೋಕೆ ನನಗೇನು ಹುಚ್ಚಾ?"

"ಮೂಸ್ರೀ ಅಂದ್ರೆ!"

ಗಂಡ ಮೂಸಿ ಮುಖ ಕಿವುಚಿದರು. "ಮುಗ್ಗಲು ವಾಸನೆ."

"ಒದ್ದೆ ಬಟ್ಟೆ ಮಡಚಿಟ್ಟರೆ ಇದೇ ವಾಸನೆ ಅಲ್ವಾ? ಮಡಚೋಕೆ ಮುಂಚೆ ಒಣಗಿಸಿ ಅಂತ ಊರಿಗೆಲ್ಲ ಹೇಳಿದವಳು ನಾನು. ದಿನಾ ಇದರ ಕಿವಿಗೆ ನೀರು ಹುಯ್ದು ಮಡಚಿಟ್ಟವಳೂ ನಾನೇ ಕಣ್ರೀ!" ಅಕ್ಕ ಕಿವಿಯನ್ನು ಮೆಲ್ಲಗೆ ಎತ್ತಿ ಹಿಡಿದರು. "ಇದಕ್ಕೆ ಬಂದಿರೋದು ಕೊಬ್ಬಲ್ಲ, ನೋವು."

ಕಾವಲುಗಾರ ನಕ್ಕ. "ಕಿವಿ ನೋವಾದ್ರೆ ನನಗೇನು? ಬೊಗಳೋದು ಬಾಯಲ್ಲಿ ತಾನೇ?"

ಅದಕ್ಕೆ ಉತ್ತರ ಕೊಟ್ಟವರು ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಅತ್ತೆ. "ನಿನ್ನ ಕಿವಿಗೂ ಎರಡು ತಿಂಗಳು ನೀರು ಹುಯ್ದು ಮುಚ್ಚಿಡ್ತೀನಿ ಬಾರಪ್ಪ. ಆಮೇಲೆ ತಲೆ ಸವರ್ತೀನಿ, ಕಚ್ಚದೇ ಇರು ನೋಡೋಣ! ಕಚ್ಚಿಸಿಕೊಂಡವಳು ನಾನು. ನಾಯಿ ಎಲ್ಲೂ ಹೋಗಲ್ಲ."

ಕಚ್ಚಿಸಿಕೊಂಡವರ ಮಾತಿನ ಮುಂದೆ ಗಂಡನ ತೀರ್ಮಾನ ನಿಲ್ಲಲಿಲ್ಲ. ಸರಪಳಿ ಬಂದ ದಾರಿಯಲ್ಲೇ ಹೋಯಿತು.

ನಾಯಿ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಗದರಿದರು. "ದಿನಾ ಸ್ನಾನ ಮಾಡ್ಸಿ ಅಂತ ಯಾರಮ್ಮ ಹೇಳಿದ್ದು?"

"ಯಾರೂ ಹೇಳಿಲ್ಲ ಡಾಕ್ಟ್ರೇ. ನನ್ನ ಕೈ ಸುಮ್ಮನಿರಲ್ಲ."

ತಿಂಗಳಿಗೊಂದೇ ಸ್ನಾನ, ಕಿವಿಗೆ ದಿನಕ್ಕೆರಡು ಸಲ ಔಷಧಿಯ ಹನಿ, ನೆನೆದರೆ ಕಿವಿ ಎತ್ತಿ ಒಣಗಿಸಬೇಕು, ಕಿವಿಯಡಿಯ ಕೂದಲು ಗಂಟಾಗದಂತೆ ಬಾಚಬೇಕು ಎಂದರು. ಈಗ ಆ ಕೆಲಸವೆಲ್ಲ ಅತ್ತೆಯದು. ಕನ್ನಡಕ ಏರಿಸಿ, ಬುಗುರಿಯನ್ನು ತೊಡೆಗೆ ಒರಗಿಸಿ, ಮಗನಿಗೆ ಹೇಳದ ಸುದ್ದಿಯನ್ನೆಲ್ಲ ಆ ಕಿವಿಗೆ ಹೇಳುತ್ತಾರೆ. ಕಿವಿ ಊಟದ ತಟ್ಟೆಗೆ ಬೀಳದಿರಲು ಜೋಡಿ ಕಳೆದುಕೊಂಡ ಕಾಲುಚೀಲದ ತುದಿ ಕತ್ತರಿಸಿ ತಲೆಗೆ ತೊಡಿಸುತ್ತಾರೆ. ಕೆಸರಾದ ದಿನ ಅಕ್ಕ ಒದ್ದೆ ಬಟ್ಟೆಯಲ್ಲಿ ಕಾಲು, ಹೊಟ್ಟೆ ಮಾತ್ರ ಒರೆಸಿ, ಕಷ್ಟಪಟ್ಟು ಸುಮ್ಮನಾಗುತ್ತಾರೆ.

ಮೊನ್ನೆ ಅಕ್ಕ ನನ್ನ ಅಂಗಿಗಳನ್ನು ತಂದರು. ಜೊತೆಗೆ ಬುಗುರಿ, ಬಾಯಲ್ಲಿ ಯಾರದೋ ಕಾಲುಚೀಲ.

"ಎರಡು ಬಿಡಿ ಅಂದಿದ್ರಲ್ಲ ಅಣ್ಣ, ಈಗ ಬಿಡ್ತೀರಾ?"

ನಾನು ಮೊಣಕಾಲೂರಿ ಕೈ ಚಾಚಿದೆ. ಬುಗುರಿ ಕಾಲುಚೀಲ ಕೆಳಗಿಟ್ಟು, ಕಿವಿಯನ್ನು ನನ್ನ ಅಂಗೈಗೆ ಒತ್ತಿ ನಿಂತಿತು. ಈಗಷ್ಟೇ ಇಸ್ತ್ರಿಯಿಂದ ಇಳಿದ ಬಟ್ಟೆಯ ಹಾಗೆ ಅದು ಒಣಗಿತ್ತು, ಬೆಚ್ಚಗಿತ್ತು.