ಹೌದು ಎಂದು ಒತ್ತಿದ್ದು

ಅಥವಾ ಅದು ಶನಿವಾರವೇ ಆಗಿರಲಿಲ್ಲವೇನೋ. ನನ್ನ ನೆನಪಿನಲ್ಲಿ ಎಲ್ಲವೂ ಶನಿವಾರ ಮಧ್ಯಾಹ್ನವೇ ನಡೆದಿದೆ. ಕಾಪುವಿನ ಶಾಲೆಯಲ್ಲಿ ನಾನು ಟೀಚರ್, ಶನಿವಾರ ಅರ್ಧ ದಿನ. ಹಾಗಾಗಿ ಆಮೇಲೆ ನಾನೇ ಹೊಂದಿಸಿಕೊಂಡಿರಬಹುದು. ಹೊರಗೆ ಮಳೆ ಎಂದೂ ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಖಂಡಿತವಾಗಿ ಉಳಿದಿರುವುದು ವಾಸನೆ. ಮಣಿಪಾಲದ ಆ ಸೈಬರ್ ಕೆಫೆಯಲ್ಲಿ ಕಂಪ್ಯೂಟರಿಗೆ ಧೂಳು ಆಗುವುದಿಲ್ಲವೆಂದು ಚಪ್ಪಲಿ, ಬೂಟು ಹೊರಗೆ ಬಿಡಿಸುತ್ತಿದ್ದರು. ಒಳಗೆ ಎಸಿ, ಮುಚ್ಚಿದ ಬಾಗಿಲು, ಹತ್ತಿಪ್ಪತ್ತು ಕಾಲೇಜು ಹುಡುಗರ ಕಾಲುಚೀಲ.

ಆದರೂ ಹೋದೆ. ಕಾರ್ಕಳದಲ್ಲಿ ನನ್ನ ಜೊತೆ ಓದಿದ ಗೆಳತಿ ಮದುವೆಯಾಗಿ ಮಸ್ಕತ್‌ನಲ್ಲಿದ್ದಳು. ಅಂಚೆಯಲ್ಲಿ ಬರೆದರೆ ಉತ್ತರಕ್ಕೆ ತಿಂಗಳು ಹಿಡಿಯುತ್ತಿತ್ತು. ಆಗ ನನಗೆ ಅಷ್ಟು ಕಾಯಲು ಸಾಧ್ಯವಿರಲಿಲ್ಲ. ಉಡುಪಿಯಿಂದ ಒಂದು ಸಂಬಂಧ ಬಂದಿತ್ತು, ಜಾತಕ ಕೂಡಿತ್ತು, ಅಮ್ಮ ಒಪ್ಪಿಯಾಗಿತ್ತು. ಬೇಡ ಎನ್ನುವ ಧೈರ್ಯ ನನಗೆ ಯಾರಿಂದಲಾದರೂ ಬೇಕಿತ್ತು.

ಕೆಫೆಯ ಯಜಮಾನರೇ ಪಕ್ಕದಲ್ಲಿ ಕುಳಿತು ಕಲಿಸಿದರು. "ಟೀಚರೇ, ಇದು ವಿಳಾಸ ಬರೆಯುವ ಜಾಗ. ಇದು ಹಿಂದೆ ಹೋಗ್ಲಿಕ್ಕೆ. ಬಾಣ ಹೋಗಿ ಕೈ ಆದರೆ ಒತ್ತಬಹುದು. ಕೈ ಆಗದಿದ್ದರೆ ಎಷ್ಟು ಒತ್ತಿದರೂ ಎಂತ ಇಲ್ಲ." ಬಾಣ ಅಲ್ಲಾಡದೆ ನಿಂತಾಗ ಮೌಸನ್ನು ಮಗುಚಿ, ಒಳಗಿನ ಉಂಡೆ ತೆಗೆದು, ಅಲ್ಲಿ ಸುತ್ತಿಕೊಂಡಿದ್ದ ಕಪ್ಪು ಜಿಡ್ಡನ್ನು ಉಗುರಿನಿಂದ ಕೆರೆದು ಪ್ಯಾಂಟಿಗೆ ಒರೆಸಿಕೊಂಡರು. ಯಾರ ಯಾರ ಬೆವರೋ ಅದು. ಕೀಲಿಮಣೆಯ ಸಂದಿಗಳಲ್ಲಿ ಖಾರದ ಚೂರು, ಕೂದಲು.

ವಿಳಾಸದ ಜಾಗದಲ್ಲಿ ಡಬ್ಲ್ಯು ಎಂದು ಒತ್ತಿದೆ. ಕೂಡಲೇ ಕೆಳಗೆ ಉದ್ದ ಪಟ್ಟಿಯೊಂದು ಬಿಚ್ಚಿಕೊಂಡಿತು. ಓದಲಾಗದಷ್ಟು ಹೊಲಸು ಹೆಸರುಗಳು.

"ಅದನ್ನು ನೋಡ್ಬೇಡಿ. ಮೊದಲು ಕೂತವರು ನೋಡಿದ್ದು. ಇದಕ್ಕೆ ನೆನಪು ಜಾಸ್ತಿ, ಎಂತ ಮಾಡುದು."

ಅಲ್ಲಿಗೇ ನನಗೆ ಅರ್ಥವಾಗಬೇಕಿತ್ತು.

"ನಡುವೆ ಪೆಟ್ಟಿಗೆಯ ಹಾಗೆ ಒಂದು ಬಂದು ಎಂತಾದ್ರೂ ಕೇಳ್ತದೆ, ಹೆದರ್ಬೇಡಿ. ಭೂತಕೋಲದಲ್ಲಿ ದೈವ ಕೇಳಿದರೆ ನಾವು ಎಂತ ಹೇಳುದು? ಹೌದು ಅಂತ ಅಲ್ವಾ? ಇದಕ್ಕೂ ಅದೇ. ಹೌದು ಅಂತ ಒತ್ತಿ, ಮುಂದೆ ಹೋಗಿ."

ಅವರು ನಕ್ಕರು. ನಾನು ಅದನ್ನು ಪಾಠವೆಂದೇ ತೆಗೆದುಕೊಂಡೆ. ದೈವದ ಎದುರು ನಿಂತು ಇಲ್ಲ ಎಂದವರನ್ನು ನಾನು ಕಂಡಿಲ್ಲ. ಹೊಸದಾಗಿ ತೆರೆದ ಇಮೇಲಿಗೆ ನನ್ನ ಹೆಸರು, ಗುಪ್ತಪದ ಬರೆದು ಒಳಗೆ ಹೋಗುವಾಗ ಪೆಟ್ಟಿಗೆ ಬಂತು: ಈ ಗುಪ್ತಪದವನ್ನು ನೆನಪಿಟ್ಟುಕೊಳ್ಳಬೇಕೇ? ಭಯಭಕ್ತಿಯಿಂದಲೇ ಹೌದು ಎಂದು ಒತ್ತಿದೆ.

ಆಮೇಲೆ ಗೆಳತಿಗೆ ಬರೆದೆ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂಡಿ. ನನ್ನನ್ನು ನೋಡಲು ಬಂದ ಹುಡುಗ ಬೈಕಿನ ಕೀಯಿಂದ ಕಿವಿ ಕೆರೆದುಕೊಂಡದ್ದು, ಅದೇ ಕೀಯನ್ನು ಗೋಳಿಬಜೆಯ ತಟ್ಟೆಯೊಳಗೆ ಇಟ್ಟದ್ದು, ಅವನ ತಾಯಿ ನನ್ನ ಸೆರಗು ಸರಿಸಿ ಸೊಂಟ ನೋಡಿದ್ದು. ಅವನ ಹೆಸರು, ಕೆಲಸ ಮಾಡುವ ಅಂಗಡಿ, ಎಲ್ಲ ಬರೆದೆ. ಓದುವವಳು ಅವಳೊಬ್ಬಳೇ ಎಂದು.

ಮುಂದಿನ ವಾರ ಹೋಗಿ ಅದೇ ಕಂಪ್ಯೂಟರಿನ ಎದುರು ಕುಳಿತಾಗ ಉತ್ತರ ಬಂದಿತ್ತು. ಓದದ ಪತ್ರದ ಸಾಲು ದಪ್ಪ ಅಕ್ಷರದಲ್ಲಿರುತ್ತದೆ, ಓದಿದ ಮೇಲೆ ತೆಳ್ಳಗಾಗುತ್ತದೆ ಎಂದು ಯಜಮಾನರೇ ಕಲಿಸಿದ್ದರು. ಇದು ತೆಳ್ಳಗಿತ್ತು. "ಬೇಡ ಅಂತ ಹೇಳು ಮಾರಾಯ್ತಿ, ದಿನಾ ಆ ಕಿವಿ ನೋಡ್ಲಿಕ್ಕೆ ಆಗ್ತದಾ?" ಎಂದು ಅವಳು ಬರೆದಿದ್ದಳು. ನನಗಿಂತ ಮೊದಲೇ ಯಾರೋ ಅದನ್ನು ಓದಿದ್ದರು.

ಯಜಮಾನರನ್ನು ಕರೆದೆ. "ನೀವೇ ಓದಿ ಮರ್ತಿರ್ಬೇಕು" ಎಂದರು. ಒಂದು ವಾರದಿಂದ ಈ ಕಡೆ ಬಂದೇ ಇಲ್ಲ ಎಂದೆ. ಅವರು ಬಗ್ಗಿ, ಪತ್ರ ಮುಚ್ಚಿ, ಹೆಸರು ಕೇಳುವ ಪುಟಕ್ಕೆ ಹೋಗಿ ನನ್ನ ಹೆಸರಿನ ಮೊದಲ ಅಕ್ಷರ ಒತ್ತಿದರು. ಉಳಿದ ಹೆಸರು ತಾನೇ ಬಂತು, ಗುಪ್ತಪದದ ಚುಕ್ಕಿಗಳೂ ತಾವೇ ತುಂಬಿಕೊಂಡವು.

"ಅಯ್ಯೋ, ಇದಕ್ಕೂ ಹೌದು ಒತ್ತಿದ್ದಾ ಮಾರಾಯ್ರೆ?"

"ನೀವೇ ಅಲ್ವಾ ಹೇಳಿದ್ದು?"

"ಅದು ತಮಾಷೆಗೆ! ಟೀಚರಾಗಿ ಅಷ್ಟು ಗೊತ್ತಾಗುದಿಲ್ವಾ?"

ಪಕ್ಕದ ಪ್ಲೈವುಡ್ ಅಡ್ಡಗೋಡೆಯ ಆಚೆ ಯಾರೋ ಕಿಸಕ್ಕನೆ ನಕ್ಕರು. ನಾನು ಕುಳಿತಿದ್ದ ಕುರ್ಚಿ ಬೆಚ್ಚಗಿತ್ತು. ಬೇರೆಯವರ ಬಿಸಿ. ಹೇಸಿಗೆಯಿಂದ ಎದ್ದುಬಿಟ್ಟೆ.

ಅಮ್ಮನ ಎದುರು ಬೇಡ ಎನ್ನಲು ಮಾತು ಜೋಡಿಸಿಕೊಳ್ಳುತ್ತಿದ್ದಾಗಲೇ ಉಡುಪಿಯಿಂದ ಸುದ್ದಿ ಬಂತು: ಜಾತಕ ಕೂಡುವುದಿಲ್ಲವಂತೆ. ಕೂಡಿದ್ದ ಜಾತಕ. "ನೀನು ಯಾರ ಹತ್ತಿರವಾದರೂ ಎಂತಾದ್ರೂ ಹೇಳಿದ್ದೀಯಾ?" ಎಂದು ಅಮ್ಮ ತುಳುವಿನಲ್ಲಿ ಕೇಳಿದಳು. ಇಲ್ಲ ಎಂದೆ. ಬೇಕಾದದ್ದೇ ಆಗಿತ್ತು. ಆದರೆ ಬೇಡ ಎಂದವಳು ನಾನಾಗಿರಲಿಲ್ಲ. ಸಮಾಧಾನವಾಯಿತು, ಆ ಸಮಾಧಾನಕ್ಕೇ ಹೇಸಿಗೆಯಾಯಿತು.

ಆ ಪತ್ರ ಓದಿದವರು ಯಾರು, ಒಬ್ಬರೇ ಅಥವಾ ಹಲವರೇ, ಉಡುಪಿಯ ಆ ಮನೆಯವರೆಗೆ ಅದು ಮುಟ್ಟಿತೇ ಇಲ್ಲವೇ, ನನಗೆ ಗೊತ್ತಿಲ್ಲ.