ಹೊಳೆಯ ದಂಡೆಯಲ್ಲಿ ಕೇಳಿ ನೇಯ್ದ ಸೀರೆ

ಬೆಳಗಾವಿಯ ನೇಕಾರರ ಕೇರಿ ವಡಗಾವಿಯ ಚಂದ್ರಭಾಗಾಗೆ ಸತ್ತ ಗಂಡ ಬಿಟ್ಟುಹೋದದ್ದು ಒಂದು ಮಗ್ಗ, ಆ ಮಗ್ಗದ ಮೇಲೆ ಕಣ್ಣಿಟ್ಟ ಒಬ್ಬ ಮೈದುನ. ಮೈದುನ ದಿಗಂಬರನ ಮಾತು ಬಲು ಸಿಹಿ. ಮಗ್ಗ ತನ್ನ ಮನೆಗೆ ಬರಲಿ, ಅತ್ತಿಗೆಯೂ ಬಂದು ತನ್ನ ಹೆಂಡತಿ ಗಂಗೂಬಾಯಿಯ ಕೈಕೆಳಗೆ ಆರಾಮಾಗಿ ಇರಲಿ ಅನ್ನುತ್ತಿದ್ದ. ಎರಡು ಹೊತ್ತಿನ ರೊಟ್ಟಿಗೆ ಬಿಟ್ಟಿ ಆಳು ಸಿಗುವುದನ್ನು ಯಾರು ಬೇಡವೆಂದಾರು? ಚಂದ್ರಭಾಗಾಗೆ ಮಾತ್ರ ತನ್ನ ಮನೆಯಲ್ಲಿ ತಾನೇ ಒಲೆ ಹಚ್ಚಿ ಬದುಕಬೇಕೆಂಬ ಹಟ. ಅದಕ್ಕೆ ಅವಳ ಸೀರೆ ಮಾರಾಟವಾಗಬೇಕಿತ್ತು.

ಅದು ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿ. ಮುಂಬಯಿಯ ಗಿರಣಿ ಸೀರೆ ಬಂದು ಬೆಳಗಾವಿಯ ರವಿವಾರ ಪೇಟೆಯನ್ನು ತುಂಬಿಕೊಂಡಿತ್ತು. ವ್ಯಾಪಾರಿಗಳು ಅವಳ ಸೀರೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ಬದಿಗೆ ಸರಿಸುತ್ತಿದ್ದರು. ಎಂಥದ್ದು ಬೇಕೆಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಉಡುವವರನ್ನೇ ಕೇಳಿದರಾಯಿತು ಎಂದುಕೊಂಡಳು. ಆದರೆ ಹೆಂಗಸರು ಒಳ್ಳೆಯ ಸೀರೆ ಉಟ್ಟು ಸೇರುವುದು ಅರಿಶಿನ ಕುಂಕುಮಕ್ಕೆ. ವಿಧವೆಯನ್ನು ಅಲ್ಲಿಗೆ ಕರೆಯುವವರಾರು? ಉಳಿದದ್ದು ಹೊಳೆ. ಒಗೆಯುವ ಕಲ್ಲಿನ ಮೇಲೆ ಯಾವ ಸೀರೆಯ ಬಣ್ಣವಾದರೂ ಬಯಲಾಗಲೇಬೇಕು.

ಹೀಗೆ ಅವಳು ಮನೆಯ ಕೌದಿ, ಚಾದರಗಳನ್ನೆಲ್ಲ ಗಂಟು ಕಟ್ಟಿ ರೈಲು ಹತ್ತಿ ಹೊಳೆಯಿರುವ ಖಾನಾಪುರಕ್ಕೆ ಹೋಗತೊಡಗಿದಳು. ವಡಗಾವಿಯ ಬಾವಿ ಬತ್ತಿತೇನು ಎಂದು ಓಣಿಯವರು ನಕ್ಕರು. ಮಲಪ್ರಭೆಯ ದಂಡೆಯಲ್ಲಿ ಅವಳು ಚಾದರ ಒಗೆಯುತ್ತ ಪಕ್ಕದವರನ್ನು ಮಾತಿಗೆಳೆಯುವಳು. ತಾನು ಯಾರು, ತನ್ನ ಕಸುಬೇನು, ಒಂದನ್ನೂ ಮುಚ್ಚಿಡಲಿಲ್ಲ. ಹೆಂಗಸರೂ ಧಾರಾಳಿಗಳೇ. ಭತ್ತದ ಗದ್ದೆಯಲ್ಲಿ ದುಡಿಯುವ ಅಲಕಾ ಅಂತೂ ಉಟ್ಟ ಸೀರೆಯ ಸೆರಗನ್ನೇ ಅವಳ ಕೈಗೆ ಕೊಟ್ಟು ಹೇಳಿದಳು: ಗಿರಣಿ ಸೀರೆ ಕಚ್ಚೆ ಹಾಕಿ ಉಡಲು ಒಂದು ಮೊಳ ಕಡಿಮೆ ಬೀಳುತ್ತದೆ, ಗಂಟು ಬೀಳುವಲ್ಲೇ ಮೊದಲು ಹರಿಯುತ್ತದೆ, ಅಂಚಿನ ಕೆಂಪು ಮೈಗೆಲ್ಲ ಇಳಿಯುತ್ತದೆ. ಬರುವ ವೈಶಾಖದಲ್ಲಿ ಅವಳ ಮಗಳ ಮದುವೆ. ಹಸಿರು ಮೈ, ಅಗಲ ಕೆಂಪಂಚು, ಬಣ್ಣ ಬಿಡದ ಸೀರೆ ಸಿಕ್ಕರೆ ಬಿಡುವವಳಲ್ಲ ತಾನು ಎಂದಳು.

ಚಂದ್ರಭಾಗಾ ಬಣ್ಣದ ನೂಲನ್ನು ನೀರು ತಿಳಿಯಾಗುವವರೆಗೆ ತೊಳೆದಳು. ಮಗ್ಗಕ್ಕೆ ಉದ್ದದ ಹಾಸುನೂಲನ್ನು ಒಂದು ಮೊಳ ಹೆಚ್ಚಿಗೆ ಹಾಕಿದಳು. ಗಂಡ ಸತ್ತ ಮೇಲೆ ತಾನು ಮೈಗೆ ತಾಗಿಸದ ಹಸಿರನ್ನು ಚಳಿಗಾಲವಿಡೀ ನೇಯ್ದಳು. ಚೈತ್ರದಲ್ಲಿ ಸೀರೆಗಳನ್ನು ಖಾನಾಪುರದ ಬಟ್ಟೆ ಅಂಗಡಿಯ ಬಾಳಾಸಾಹೇಬನ ಮುಂದೆ ಹರವಿದಾಗ ಅವನೇ ಎದ್ದು ನಿಂತು ನೋಡಿದ. ಸಂತೆಯ ದಿನ ಅಂಗಡಿಯ ಎದುರಿಗೇ ತೂಗುಹಾಕಿದ. ಹೆಂಗಸರು ಮುತ್ತಿಕೊಂಡರು. ಯಾರ ಕೈಯ ನೇಯ್ಗೆ ಎಂದು ಯಾರೋ ಕೇಳಿದರು. ಹೊಳೆಗೆ ಬಂದು ನಿಮ್ಮನ್ನೇ ಕೇಳಿ ನೇಯ್ದವಳು ಇವಳೇ ಎಂದು ಅವನು ಮೂಲೆಯಲ್ಲಿ ಕುಳಿತಿದ್ದ ಚಂದ್ರಭಾಗಾಳನ್ನು ಹೆಮ್ಮೆಯಿಂದ ತೋರಿಸಿದ.

ಹಿಡಿದ ಕೈಗಳು ಒಂದೊಂದಾಗಿ ಸೀರೆ ಬಿಟ್ಟವು. ಅಲಕಾ ಹತ್ತಿರ ಬಂದು ದನಿ ತಗ್ಗಿಸಿದಳು.

"ಸೀರಿ ಭಾಳ ಛಲೋ ಐತ್ರಿ ಅಕ್ಕಾ. ಖರೇ ಅಂದ್ರ, ನಾ ಹೇಳಿದ್ದಕ್ಕಿಂತ ಛಲೋ ಐತಿ. ಆದ್ರ ಮಗಳ ಉಡಿಯೊಳಗ ಹಾಕೂದು. ನಿಮ್ಮ ಕೈಯಾಂದು ಹೆಂಗ ಹಾಕಲ್ರಿ?"

ಅಲ್ಲಿಯವರೆಗೆ ಅವರು ಉಡಿ ತುಂಬಿದ ಸೀರೆಗಳನ್ನು ಯಾವ ವಿಧವೆ ನೇಯ್ದಿದ್ದಳೋ, ಯಾರು ಕೇಳಿದ್ದರು? ಚಂದ್ರಭಾಗಾ ಬಣ್ಣ ಕೇಳಿದಳು, ಅಂಚು ಕೇಳಿದಳು, ಉದ್ದ ಕೇಳಿದಳು. ಬರಿಯ ಹಣೆ ಹೊತ್ತು ಅವರ ನಡುವೆ ಕುಳಿತು ಕೇಳಿದ್ದೇ ತಪ್ಪಾಯಿತು. ಕೇಳದೆ ತಿಳಿಯುವಂತಿರಲಿಲ್ಲ, ಕೇಳಿದ ಮೇಲೆ ಮಾರುವಂತಿರಲಿಲ್ಲ. ಸೀರೆಗಳ ಗಂಟು ಹೊತ್ತು ರೈಲಿನಲ್ಲಿ ಮರಳುವಾಗ ದೇಸೂರ ಸ್ಟೇಷನ್ ದಾಟುವವರೆಗೂ ಅವಳು ಕಿಟಕಿಗೆ ಮುಖ ಹಾಕಿ ಅತ್ತಳು.

ದಿಗಂಬರ ಮಾತ್ರ ಅಳುವವನಲ್ಲ. ಬೇರೆ ದಾರಿ ಕಾಣದ ಅತ್ತಿಗೆಗೆ ಸಮಾಧಾನ ಹೇಳಿ ಮಗ್ಗವನ್ನೂ ಅವಳನ್ನೂ ತನ್ನ ಮನೆಗೆ ಸಾಗಿಸಿದ. ಅವೇ ಸೀರೆಗಳನ್ನು ಬೇರೆ ಮಡಿಕೆ ಹಾಕಿ, ಇವು ತನ್ನ ಹೆಂಡತಿ ನೇಯ್ದವೆಂದು ಬಾಳಾಸಾಹೇಬನಿಗೆ ಕೊಟ್ಟ. ಅವನಿಗೆ ತಿಳಿಯದ್ದೇನಲ್ಲ; ವ್ಯಾಪಾರಿಯಾದವನು ಬಾಯಿ ಬಿಟ್ಟಾನೆಯೇ? ಒಂದೂ ಉಳಿಯಲಿಲ್ಲ. ಅಲಕಾಳ ಮಗಳ ಉಡಿಗೂ ಅದೇ ಬಿತ್ತು. ಇನ್ನಷ್ಟು ಬೇಕೆಂದು ಹೇಳಿಕಳಿಸಿದರು. ಮಗ್ಗದ ನೂಲನ್ನು ಮುಟ್ಟಿಯೂ ಗೊತ್ತಿಲ್ಲದ ಗಂಗೂಬಾಯಿ ಖಾನಾಪುರದಲ್ಲಿ ಹೆಸರಾದಳು.

ಶ್ರಾವಣದಲ್ಲಿ ಅಲಕಾ ಇಬ್ಬರು ಗೆಳತಿಯರೊಡನೆ ಬೆಳಗಾವಿಗೆ ಬಂದವಳು ದಿಗಂಬರನ ಮನೆ ಹುಡುಕಿಕೊಂಡು ಬಂದಳು. ಪಡಸಾಲೆಯಲ್ಲಿ ಗಂಗೂಬಾಯಿಯನ್ನು ಕೂರಿಸಿ ಅರಿಶಿನ ಕುಂಕುಮ ಹಚ್ಚಿದರು. ನಮ್ಮ ಮನಸ್ಸಿನಲ್ಲಿದ್ದದ್ದು ನಿಮಗೆ ಹೇಗೆ ತಿಳಿಯಿತು ಎಂದು ಅಲಕಾ ಕೇಳುತ್ತಿದ್ದುದು ಒಳಗೆ ನೇಯುತ್ತಿದ್ದ ಚಂದ್ರಭಾಗಾಗೆ ಸ್ಪಷ್ಟವಾಗಿ ಕೇಳಿಸಿತು. ಗಂಗೂಬಾಯಿ ಏನು ಉತ್ತರ ಕೊಟ್ಟಾಳೋ ಎಂದು ಕಿವಿಗೊಡುವಷ್ಟರಲ್ಲಿ ದಿಗಂಬರ ಅವಸರದಿಂದ ಒಳಗೆ ಬಂದ.

"ಅತ್ತಿಗಿ, ಮಗ್ಗ ನಿಂದರಸ್ರಿ. ನೇಯೂ ಹೆಣಮಗಳು ಹೊರಗ ಕುಂತಾಳ, ಒಳಗ ಸಪ್ಪಳ ಬಂದ್ರ ಅವರು ಏನ್ ತಿಳ್ಕೋಬೇಕು?"

ಚಂದ್ರಭಾಗಾ ಲಾಳಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಅವರು ಹೋಗುವವರೆಗೂ ಹಾಗೇ ಕುಳಿತಳು.